ಬಣ್ಣ ಹೊಡೆದ ಮೇಲೂ ಕಾಣುವ ಜಿಪ್ಸಮ್ ಬೋರ್ಡಿನ ಜಾಯಿಂಟು: ಮಿಸ್ತ್ರಿಗಳಿಂದ ಯಾವುದನ್ನು ಕಲಿಯಬೇಕು, ಯಾವುದನ್ನು ಬಿಡಬೇಕು?

ಓದುಗರ ಪ್ರಶ್ನೆ: ನಾನು ಗದಗ-ಬೆಟಗೇರಿಯವನು. ತಂದೆಯವರ ಕಾಲದಿಂದ ನಮ್ಮದು ಬಣ್ಣದ ಕೆಲಸ. ಈಗೀಗ ಹುಬ್ಬಳ್ಳಿಯಲ್ಲಿ ಜಿಪ್ಸಮ್ ಬೋರ್ಡಿನ ಪಾರ್ಟಿಷನ್ ಮತ್ತು ಫಾಲ್ಸ್ ಸೀಲಿಂಗಿನ ಫಿನಿಶಿಂಗ್ ಕೆಲಸವನ್ನೂ ಹಿಡಿಯುತ್ತಿದ್ದೇನೆ. ಕಳೆದ ಜುಲೈನಲ್ಲಿ ವಿದ್ಯಾನಗರದ ಒಂದು ಕಚೇರಿಯಲ್ಲಿ ಹತ್ತು ಅಡಿ ಎತ್ತರದ ಪಾರ್ಟಿಷನ್‌ಗೆ ಜಾಲರಿ ಟೇಪ್ ಅಂಟಿಸಿ, ಡಬ್ಬಿಯಲ್ಲಿ ಸಿದ್ಧವಾಗಿ ಬರುವ ಪೇಸ್ಟ್ ಹಚ್ಚಿ, ಮಾರನೆಯ ಬೆಳಿಗ್ಗೆ ಎರಡನೆಯ ಕೈ (ಪದರು) ಕೊಟ್ಟು, ಅದರ ಮೇಲೆ ಬಿಳಿ ಸಿಮೆಂಟ್ ಪುಟ್ಟಿ ಎಳೆದು, ಯಂತ್ರದಿಂದ ತೇಯ್ದು ಬಣ್ಣ ಹೊಡೆದೆ. ಬೆಳಿಗ್ಗೆ ಗೋಡೆ ಸಪಾಟಾಗಿ ಕಾಣುತ್ತದೆ. ಸಂಜೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಬಿದ್ದರೆ, ಸುಮಾರು ಆರಡಿ ಎತ್ತರದಲ್ಲಿ ಗೋಡೆಯ ಉದ್ದಕ್ಕೂ ಒಂದು ಉಬ್ಬು ಪಟ್ಟಿ ಎದ್ದು ಕಾಣುತ್ತದೆ. ನಿಂತ ಜಾಯಿಂಟುಗಳು ಸ್ವಲ್ಪ ಒಳಗೆ ಕುಸಿದಂತಿವೆ. ಪಾರ್ಟಿಷನ್ ಹಳೆಯ ಇಟ್ಟಿಗೆ ಗೋಡೆಗೆ ಸೇರುವ ಮೂಲೆಯಲ್ಲಿ ಕೂದಲೆಳೆಯ ಬಿರುಕು ಬಂದಿದೆ. ಮಾಲೀಕರು ಬಾಕಿ ಹಣ ತಡೆದಿದ್ದಾರೆ. ಹಿರಿಯ ಮಿಸ್ತ್ರಿಗಳನ್ನು ಕೇಳಿದರೆ ಒಬ್ಬರು "ಇನ್ನೂ ತಿಕ್ಕಬೇಕಿತ್ತು" ಎನ್ನುತ್ತಾರೆ, ಇನ್ನೊಬ್ಬರು "ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ತುಂಬಿದ್ರ ಮುಗೀತಿತ್ತು" ಎನ್ನುತ್ತಾರೆ, ಮತ್ತೊಬ್ಬರು "ಅದು ಕೈಗೆ ಬರಬೇಕು ತಮ್ಮಾ, ಹೇಳಿದ್ರ ಬರೂದಲ್ಲ" ಎಂದು ಸುಮ್ಮನಾಗುತ್ತಾರೆ. ಈ ಕೆಲಸವನ್ನು ಸರಿಯಾಗಿ ಕಲಿಯಲು ಯಾರ ಹತ್ತಿರ ಹೋಗಬೇಕು? ಇರುವ ಕೆಲಸ ಬಿಟ್ಟು ಹೋಗುವ ಸ್ಥಿತಿಯಲ್ಲಿ ನಾನಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಈ ಗೋಡೆಯಲ್ಲಿ ಆದ ತಪ್ಪು ಯಾವುದು ಎಂಬುದು ಒಂದು. ಮೂವರು ಅನುಭವಿಗಳು ಮೂರು ಮಾತು ಹೇಳುವಾಗ ಯಾರನ್ನು ನಂಬಿ ಕಲಿಯಬೇಕು ಎಂಬುದು ಇನ್ನೊಂದು. ನಾನು ಹುಬ್ಬಳ್ಳಿ-ಧಾರವಾಡದ ಕಚೇರಿ, ಅಂಗಡಿ ಮತ್ತು ಮನೆಗಳ ಒಳಾಂಗಣ ಕೆಲಸಗಳ ಉಸ್ತುವಾರಿ ನೋಡುತ್ತ ಬಂದವನು. ನೀವು ಭೇಟಿಯಾದಂಥ ಮೂರೂ ಬಗೆಯ ಮಿಸ್ತ್ರಿಗಳ ಜೊತೆ ಕೆಲಸ ಮಾಡಿದ್ದೇನೆ, ಮೂವರಿಂದಲೂ ಕಲಿತಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಒಳ್ಳೆಯ ಮಿಸ್ತ್ರಿಯ ಕೈ ಸಾಮಾನ್ಯವಾಗಿ ತಪ್ಪುವುದಿಲ್ಲ, ಆದರೆ ಆ ಕೈ ಏಕೆ ಹಾಗೆ ಓಡುತ್ತದೆ ಎಂದು ಅವರು ಕೊಡುವ ಕಾರಣ ಅನೇಕ ಬಾರಿ ತಪ್ಪಾಗಿರುತ್ತದೆ. ಆದ್ದರಿಂದ ಕೈಯನ್ನು ಅವರಿಂದ ಕಲಿಯಿರಿ, ಕಾರಣವನ್ನು ವಸ್ತುವಿನ ಗುಣದಿಂದ ತಿಳಿದುಕೊಳ್ಳಿ.

ಮೊದಲು ನಿಮ್ಮ ಗೋಡೆಯ ವಿಚಾರ. ಆರಡಿ ಎತ್ತರ ಎಂದು ನೀವು ಬರೆದ ಒಂದು ಮಾತೇ ಅರ್ಧ ಕಥೆ ಹೇಳುತ್ತದೆ. ನಮ್ಮಲ್ಲಿ ಸೀಲಿಂಗಿಗೆ ಹೆಚ್ಚಾಗಿ ಬಳಸುವ ಬೋರ್ಡು 1829 ಮಿ.ಮೀ. ಉದ್ದ, 1220 ಮಿ.ಮೀ. ಅಗಲದ್ದು, ಅಂದರೆ ಆರು ಅಡಿ ನಾಲ್ಕು ಅಡಿ. ಸೀಲಿಂಗಿಗೆ ತಂದ ಅದೇ ಬೋರ್ಡನ್ನು ಹತ್ತು ಅಡಿಯ ಗೋಡೆಗೂ ನಿಲ್ಲಿಸಿದರೆ, ಆರಡಿಗೆ ಒಂದು ಬೋರ್ಡು ಮುಗಿದು ಅದರ ಮೇಲೆ ನಾಲ್ಕು ಅಡಿಯ ತುಂಡು ಕೂರುತ್ತದೆ. ಎಲ್ಲ ಬೋರ್ಡುಗಳನ್ನೂ ಕೆಳಗಿನಿಂದಲೇ ಆರಂಭಿಸಿದ್ದರೆ ಈ ಅಡ್ಡ ಜಾಯಿಂಟು ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಾಲಿನಲ್ಲಿ ಓಡುತ್ತದೆ. ಅದೂ ನಿಂತವರ ಕಣ್ಣಿನ ಮಟ್ಟಕ್ಕೆ ತುಸು ಮೇಲೆ, ನೋಟ ಮೊದಲು ಬೀಳುವ ಜಾಗದಲ್ಲಿ.

ಬೋರ್ಡಿನ ಉದ್ದನೆಯ ಎರಡು ಅಂಚುಗಳನ್ನು ಕಾರ್ಖಾನೆಯಲ್ಲಿಯೇ ಸ್ವಲ್ಪ ತೆಳುವಾಗಿ ಇಳಿಸಿರುತ್ತಾರೆ. ಇದನ್ನು ಟೇಪರ್ಡ್ ಅಂಚು ಎನ್ನುತ್ತಾರೆ. ಎರಡು ಬೋರ್ಡುಗಳ ಇಂಥ ಅಂಚುಗಳು ಕೂಡಿದ ಕಡೆ ಒಂದು ಆಳವಿಲ್ಲದ ಹಳ್ಳ ಉಂಟಾಗುತ್ತದೆ; ಟೇಪು ಮತ್ತು ಜಾಯಿಂಟಿಂಗ್ ಕಾಂಪೌಂಡು (ಜಾಯಿಂಟಿಗೆ ಹಚ್ಚುವ ಪೇಸ್ಟು) ಆ ಹಳ್ಳದೊಳಗೆ ಕೂತು ಮೇಲ್ಮೈ ಮಟ್ಟವಾಗುತ್ತದೆ. ಕಿರಿದಾದ ಅಂಚುಗಳಿಗೆ ಈ ಇಳಿಜಾರು ಇರುವುದಿಲ್ಲ, ನಾವು ಕತ್ತರಿಸಿದ ಅಂಚಿಗಂತೂ ಇಲ್ಲವೇ ಇಲ್ಲ. ಅಲ್ಲಿ ಟೇಪು ಬೋರ್ಡಿನ ಮೇಲ್ಮೈಯ ಮೇಲೆಯೇ ಕೂರಬೇಕು, ಅದರ ಮೇಲೆ ಕಾಂಪೌಂಡು ಬರಬೇಕು, ಆದ್ದರಿಂದ ಉಬ್ಬು ಬಂದೇ ಬರುತ್ತದೆ. ಇದು ಕೈಯ ದೋಷವಲ್ಲ. ಯಾವ ಮಿಸ್ತ್ರಿಯೂ ಆ ಉಬ್ಬನ್ನು ಇಲ್ಲವಾಗಿಸಲಾರ; ಒಳ್ಳೆಯ ಮಿಸ್ತ್ರಿ ಅದನ್ನು ಕಾಣದಷ್ಟು ಅಗಲಕ್ಕೆ ಹರಡುತ್ತಾನೆ, ಅಷ್ಟೆ.

ಈ ಅಗಲದ ಲೆಕ್ಕ ಮನಸ್ಸಿಗೆ ಹತ್ತಿದರೆ ಫಿನಿಶಿಂಗಿನ ಮುಖ್ಯ ಪಾಠ ಹತ್ತಿದಂತೆ. ನಡುವಿನ ಉಬ್ಬು 1 ಮಿ.ಮೀ. ಇದೆ ಎಂದುಕೊಳ್ಳಿ. ಅದನ್ನು ಎರಡೂ ಬದಿಗೆ 75 ಮಿ.ಮೀ.ನಲ್ಲಿ ಮುಗಿಸಿದರೆ 75ಕ್ಕೆ 1ರ ಇಳಿಜಾರು, 300 ಮಿ.ಮೀ.ವರೆಗೆ ಎಳೆದರೆ 300ಕ್ಕೆ 1ರ ಇಳಿಜಾರು. ಗೋಡೆಗೆ ಸವರಿಕೊಂಡು ಬರುವ ಬೆಳಕು ಎತ್ತರವನ್ನಲ್ಲ, ಇಳಿಜಾರನ್ನು ತೋರಿಸುತ್ತದೆ. ಎರೆ ಹೊಲದಲ್ಲಿ ಬದು ದೂರದಿಂದಲೇ ಕಾಣುತ್ತದೆ, ಅದೇ ಹೊಲದ ಒಟ್ಟು ಇಳಿಜಾರು ಬದುವಿಗಿಂತ ಎತ್ತರವಿದ್ದರೂ ಮಳೆ ಹರಿಯುವವರೆಗೆ ಗೊತ್ತಾಗುವುದಿಲ್ಲ. ನಿಮ್ಮ ಅಡ್ಡ ಜಾಯಿಂಟು ಬದುವಿನಂತೆ ಆಗಿದೆ. ಟೇಪರ್ಡ್ ಜಾಯಿಂಟಿಗೆ ಒಟ್ಟು 250 ರಿಂದ 300 ಮಿ.ಮೀ. ಅಗಲ ಸಾಕಾಗುತ್ತದೆ, ಅಡ್ಡ ಜಾಯಿಂಟಿಗೆ ಒಟ್ಟು 500 ರಿಂದ 600 ಮಿ.ಮೀ. ಬೇಕು. ಹೊಸಬರು ಎರಡಕ್ಕೂ ಒಂದೇ ಪಟ್ಟಿ (ಕಾಂಪೌಂಡು ಎಳೆಯುವ ಅಗಲ ಅಲಗಿನ ಹತ್ಯಾರು) ಹಿಡಿದು ಒಂದೇ ಅಗಲ ಕೊಡುತ್ತಾರೆ, ಆಮೇಲೆ ಉಬ್ಬಿದ್ದನ್ನು ತೇಯ್ದು ಇಳಿಸಲು ಹೊರಡುತ್ತಾರೆ.

"ಇನ್ನೂ ತಿಕ್ಕಬೇಕಿತ್ತು" ಎಂಬ ಸಲಹೆ ಇಲ್ಲಿಯೇ ಸೋಲುತ್ತದೆ. ನಡುವಿನ ಉಬ್ಬನ್ನು ತೇಯ್ದರೆ ಮೊದಲು ಸಿಗುವುದು ಟೇಪು. ಟೇಪು ತೆಳುವಾದರೆ ಜಾಯಿಂಟಿನ ಬಲ ಹೋಗುತ್ತದೆ. ಅಂಚಿನಲ್ಲಿ ಹೆಚ್ಚು ತೇಯ್ದರೆ ಬೋರ್ಡಿನ ಕಾಗದ ಕೆರೆದು ನವಿರು ಏಳುತ್ತದೆ, ಬಣ್ಣ ಕುಡಿದ ಮೇಲೆ ಆ ಪಟ್ಟಿ ಒರಟಾಗಿ ಬೇರೆಯೇ ಕಾಣುತ್ತದೆ. ತೇಯುವುದು ಪಟ್ಟಿಯ ಗೆರೆ ಮತ್ತು ಸಣ್ಣ ಕಾಳುಗಳನ್ನು ತೆಗೆಯಲು ಮಾತ್ರ. 150 ರಿಂದ 220 ನಂಬರಿನ ಪೇಪರು, ಹಗುರ ಕೈ ಸಾಕು. ಯಂತ್ರ ಬೇಕೆನಿಸಿದರೆ ಹಿಂದಿನ ಕೈಗಳಲ್ಲಿ ಏನೋ ಎಡವಟ್ಟಾಗಿದೆ ಎಂದು ತಿಳಿಯಿರಿ. ಜೊತೆಗೆ ಈ ಧೂಳಿನಲ್ಲಿ ಜಿಪ್ಸಮ್ ಮಾತ್ರವಲ್ಲದೆ ಟಾಲ್ಕ್, ಮೈಕಾ, ಕೆಲವೊಮ್ಮೆ ಸಿಲಿಕಾ ಕೂಡ ಇರುತ್ತದೆ. ಬಾಯಿಗೆ ಟವೆಲ್ ಸುತ್ತಿಕೊಂಡು ತೇಯುವುದು ನಮ್ಮ ಕಡೆ ರೂಢಿಯಾಗಿದೆ. ಅದು ಸಾಲದು, ಎನ್-95 ಮಾಸ್ಕ್ ಹಾಕಿಕೊಳ್ಳಿ.

ನಿಂತ ಜಾಯಿಂಟುಗಳು ಕುಸಿದಿರುವುದಕ್ಕೆ ಕಾರಣ ಬೇರೆ, ಅದು ಜುಲೈ ತಿಂಗಳಿಗೆ ಸೇರಿದ್ದು. ಜಾಯಿಂಟಿಂಗ್ ಕಾಂಪೌಂಡಿನಲ್ಲಿ ಎರಡು ಜಾತಿಗಳಿವೆ. ಡಬ್ಬಿಯಲ್ಲಿ ಸಿದ್ಧವಾಗಿ ಬರುವುದು ನೀರು ಆರಿ ಗಟ್ಟಿಯಾಗುವ ಜಾತಿ. ನೀರು ಹೋದಷ್ಟು ಅದರ ಗಾತ್ರ ಕುಗ್ಗುತ್ತದೆ. ಪುಡಿಯಾಗಿ ಬರುವ ಹಲವು ಕಾಂಪೌಂಡುಗಳು ಪಿಒಪಿಯಂತೆ ರಾಸಾಯನಿಕವಾಗಿ ಸೆಟ್ ಆಗುವ ಜಾತಿ, ಅವು ಕುಗ್ಗುವುದು ತೀರ ಕಡಿಮೆ. ಪುಡಿಯಲ್ಲಿಯೂ ಆರುವ ಜಾತಿ ಇರುವುದರಿಂದ ಚೀಲದ ಹಿಂಬದಿಯನ್ನು ಓದದೆ ಕಲಸಬೇಡಿ. ಸಾಧಾರಣ ಹವೆಯಲ್ಲಿ ಆರುವ ಜಾತಿಯ ಒಂದು ಕೈಗೆ ಒಂದು ಹಗಲು ರಾತ್ರಿ ಬೇಕು. ಜಿಟಿಜಿಟಿ ಮಳೆಯ ಜುಲೈನಲ್ಲಿ, ಕಿಟಕಿ ಮುಚ್ಚಿದ ಕಚೇರಿಯಲ್ಲಿ, ಅದು ಎರಡು ದಿನಕ್ಕೂ ಹೋಗಬಹುದು. ಮಳೆಗಾಲದ ಧಾರವಾಡದಲ್ಲಿ ಇನ್ನೂ ಹೆಚ್ಚು ಕಾಯಬೇಕಾಗುತ್ತದೆ. ನೀವು ಮಾರನೆಯ ಬೆಳಿಗ್ಗೆಯೇ ಎರಡನೆಯ ಕೈ ಕೊಟ್ಟಿದ್ದೀರಿ. ಮೇಲಿನ ಪದರು ಆರಿ ಬಿಳಿಯಾದರೂ ಒಳಗಿನದು ಹಸಿಯಾಗಿಯೇ ಇತ್ತು. ಬಣ್ಣವಾದ ಮೇಲೆ ಅದು ನಿಧಾನವಾಗಿ ಆರುತ್ತ ಕುಗ್ಗಿ ಮೇಲಿನದನ್ನು ಒಳಗೆ ಎಳೆದುಕೊಂಡಿದೆ. ಗದಗಿನ ಏಪ್ರಿಲ್ ಬಿಸಿಗಾಳಿಯಲ್ಲಿ ಇದಕ್ಕೆ ತದ್ವಿರುದ್ಧವಾದ ತೊಂದರೆ ಬರುತ್ತದೆ: ಟೇಪು ಕೂರುವ ಮೊದಲೇ ಕಾಂಪೌಂಡಿನ ನೀರು ಹಾರಿ, ಅಂಚು ಎದ್ದು, ಟೇಪಿನ ಕೆಳಗೆ ಪೊಳ್ಳು ಉಳಿಯುತ್ತದೆ. ಆಗ ಫ್ಯಾನು ನಿಲ್ಲಿಸಿ, ಗಾಳಿ ಬರುವ ಬದಿಯ ಕಿಟಕಿಯನ್ನು ಮುಚ್ಚಿ ಕೆಲಸ ಮಾಡಬೇಕು.

ಇನ್ನು ಟೇಪು. ಜಾಲರಿ ಟೇಪು ತಾನೇ ಅಂಟಿಕೊಳ್ಳುವುದರಿಂದ ಸುಲಭ, ಆದ್ದರಿಂದಲೇ ಎಲ್ಲರೂ ಅದನ್ನು ಕೊಳ್ಳುತ್ತಾರೆ. ಆದರೆ ಆರುವ ಜಾತಿಯ ಪೇಸ್ಟಿನ ಜೊತೆ ಜಾಲರಿ ದುರ್ಬಲ ಜೋಡಿ. ಜಾಲರಿ ಬಳಸುವುದಾದರೆ ಕನಿಷ್ಠ ಮೊದಲ ಕೈಯಾದರೂ ಸೆಟ್ ಆಗುವ ಕಾಂಪೌಂಡಿನದಾಗಿರಬೇಕು. ಸುಮಾರು 50 ಮಿ.ಮೀ. ಅಗಲದ ಕಾಗದದ ಟೇಪು ಹೆಚ್ಚು ಗಟ್ಟಿ. ಅದಕ್ಕೆ ಮೊದಲು ಕಾಂಪೌಂಡಿನ ಹಾಸು ಹಚ್ಚಿ, ಟೇಪು ಕೂರಿಸಿ, ಆರು ಇಂಚಿನ ಪಟ್ಟಿಯಿಂದ ನಡುವಿನಿಂದ ಹೊರಗೆ ಒತ್ತುತ್ತ ಹೆಚ್ಚಾದದ್ದನ್ನು ತೆಗೆಯಬೇಕು. ಕೆಳಗೆ ತೆಳು ಪದರು ಉಳಿಯಬೇಕು, ಗಾಳಿಗುಳ್ಳೆ ಉಳಿಯಬಾರದು. ಒಳಮೂಲೆಗೆ ಕಾಗದದ ಟೇಪನ್ನು ನಡುವಿನ ಮಡಿಕೆಯಲ್ಲಿ ಮಡಚಿ ಕೂರಿಸಿ, ಒಂದು ಬದಿ ಆರಿದ ಮೇಲೆ ಇನ್ನೊಂದು ಬದಿಯನ್ನು ಎಳೆಯುತ್ತಾರೆ. ಎರಡನ್ನೂ ಒಟ್ಟಿಗೆ ಎಳೆಯಲು ಹೋದರೆ ಒಂದನ್ನು ಸರಿಪಡಿಸುವಾಗ ಇನ್ನೊಂದು ಕೆಡುತ್ತದೆ.

ಬಿಳಿ ಸಿಮೆಂಟ್ ಪುಟ್ಟಿಯ ಬಗ್ಗೆ ಕಡ್ಡಿ ಮುರಿದಂತೆ ಹೇಳಿಬಿಡುತ್ತೇನೆ. ಅದು ಸಿಮೆಂಟ್ ಗಾರೆ ಮತ್ತು ಕಾಂಕ್ರೀಟ್ ಮೇಲ್ಮೈಗಾಗಿ ಮಾಡಿದ ವಸ್ತು. ಗಟ್ಟಿಯಾಗಲು ಅದಕ್ಕೆ ತೇವ ಬೇಕು, ಕಾಗದದ ಮುಖವಿರುವ ಬೋರ್ಡು ಆ ತೇವವನ್ನು ಹೀರಿಬಿಡುತ್ತದೆ. ಗಟ್ಟಿಯಾದ ಮೇಲೆ ಅದು ಗಡುಸು, ಆದರೆ ಬೋರ್ಡು ಸ್ವಲ್ಪ ಆಡುತ್ತಲೇ ಇರುತ್ತದೆ. ತೇವವಿರುವ ಕಡೆ ಸಿಮೆಂಟಿಗೂ ಜಿಪ್ಸಮ್‌ನ ಸಲ್ಫೇಟಿಗೂ ಆಗಿಬರುವುದಿಲ್ಲ ಎಂಬುದು ಬೇರೆ ಮಾತು. ಬೋರ್ಡಿನ ಮೇಲೆ ಪೂರ್ತಿ ಪದರು ಎಳೆಯಬೇಕಾದರೆ ಅದೇ ಜಾಯಿಂಟಿಂಗ್ ಕಾಂಪೌಂಡನ್ನಾಗಲಿ, ಬೋರ್ಡಿಗೆ ಹೊಂದುವ ಅಕ್ರಿಲಿಕ್ ಪುಟ್ಟಿಯನ್ನಾಗಲಿ ತೆಳುವಾಗಿ ಎಳೆಯಿರಿ.

ಮೂಲೆಯ ಬಿರುಕಿಗೂ ನಿಮ್ಮ ಪಟ್ಟಿಗೂ ಸಂಬಂಧವಿಲ್ಲ. ಹುಬ್ಬಳ್ಳಿಯ ಬಹುಭಾಗ ಎರೆ ಮಣ್ಣಿನ ಮೇಲೆ ಕೂತಿದೆ. ಮಳೆಗಾಲದಲ್ಲಿ ಆ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಹಳೆಯ ಇಟ್ಟಿಗೆ ಗೋಡೆಗಳು ಅದರೊಡನೆ ಕೂದಲಷ್ಟಾದರೂ ಸರಿಯುತ್ತವೆ. ಹಗುರವಾದ ಉಕ್ಕಿನ ಚೌಕಟ್ಟಿನ ಪಾರ್ಟಿಷನ್ ಬೇರೆ ರೀತಿಯಲ್ಲಿ ಅಲುಗುತ್ತದೆ. ಎರಡರ ನಡುವೆ ಗಡುಸಾದ ಪುಟ್ಟಿ ತುಂಬಿದರೆ ಅದು ಬಿರಿಯದೆ ಬೇರೆ ದಾರಿಯಿಲ್ಲ. ಅಲ್ಲಿ ಸಣ್ಣ ಸಂದು ಬಿಟ್ಟು, ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲಂಟನ್ನು ತುಂಬುವುದು ಸರಿಯಾದ ಕ್ರಮ. "ಜಿಪ್ಸಮ್ ಅಂದ ಮ್ಯಾಲ ಕ್ರ್ಯಾಕ್ ಬಂದೇ ಬರ್ತೈತಿ" ಎಂದು ಗಿರಾಕಿಗಳಿಗೆ ಹೇಳಿ ಕೈತೊಳೆದುಕೊಳ್ಳುವವರ ಮಾತನ್ನು ನಂಬಬೇಡಿ. ಬಿರುಕಿಗೆ ಪ್ರತಿ ಬಾರಿಯೂ ಒಂದು ಕಾರಣವಿರುತ್ತದೆ: ಸ್ಟಡ್‌ಗಳ (ಚೌಕಟ್ಟಿನ ನಿಂತ ಉಕ್ಕಿನ ಕಂಬಿಗಳ) ನಡುವಿನ ಅಂತರ 610 ಮಿ.ಮೀ. ಮೀರಿರಬಹುದು, ಸ್ಕ್ರೂಗಳು ವಿರಳವಾಗಿರಬಹುದು, ಅಡ್ಡ ಜಾಯಿಂಟಿನ ಹಿಂದೆ ಆಧಾರದ ಚಾನಲ್ ಇಲ್ಲದಿರಬಹುದು, ಬಾಗಿಲಿನ ಮೂಲೆಗೆ ಸರಿಯಾಗಿ ಬೋರ್ಡಿನ ಜಾಯಿಂಟು ಬಂದಿರಬಹುದು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಯಾರ ಹತ್ತಿರ ಕಲಿಯಬೇಕು?

ನಮ್ಮ ಭಾಗದಲ್ಲಿ ಜಿಪ್ಸಮ್ ಫಿನಿಶಿಂಗ್ ಎಂಬ ಪ್ರತ್ಯೇಕ ಕಸುಬು ಇನ್ನೂ ಗಟ್ಟಿಯಾಗಿ ಬೇರೂರಿಲ್ಲ. ಅಮೆರಿಕದಲ್ಲಿ 1894ರಲ್ಲಿಯೇ ಆಗಸ್ಟೀನ್ ಸ್ಯಾಕೆಟ್ ಎಂಬವರು ಪ್ಲಾಸ್ಟರ್ ಬೋರ್ಡಿಗೆ (ಜಿಪ್ಸಮ್ ಬೋರ್ಡಿನ ಹಳೆಯ ರೂಪ) ಪೇಟೆಂಟ್ ಪಡೆದಿದ್ದರಿಂದ ಅಲ್ಲಿ ಟೇಪು ಹಾಕುವುದೇ ಹಲವು ತಲೆಮಾರುಗಳ ಉದ್ಯೋಗವಾಗಿದೆ. ಇಲ್ಲಿ ಈ ಕೆಲಸ ಮೂರು ಕಡೆಯಿಂದ ಬಂದವರ ಕೈಯಲ್ಲಿದೆ: ಪಿಒಪಿ ಮಿಸ್ತ್ರಿಗಳು, ಚೌಕಟ್ಟು ಕಟ್ಟಿ ಬೋರ್ಡು ಹೊಡೆಯುವ ತಂಡದವರು, ಮತ್ತು ನಿಮ್ಮಂತೆ ಬಣ್ಣ ಹಾಗೂ ಪುಟ್ಟಿಯ ಕೆಲಸದವರು. ಒಬ್ಬರಲ್ಲಿಯೇ ಎಲ್ಲ ವಿದ್ಯೆಯೂ ಸಿಗುವುದು ಅಪರೂಪ. ಮೂವರಿಂದಲೂ ಒಂದೊಂದನ್ನು ಆರಿಸಿಕೊಳ್ಳಬೇಕು, ಒಂದೊಂದನ್ನು ಬಿಡಬೇಕು.

ಪಿಒಪಿ ಮಿಸ್ತ್ರಿಯ ಹತ್ತಿರ ಕಲಿಯಬೇಕಾದದ್ದು ಕಲಸುವುದನ್ನು ಮತ್ತು ಹೊತ್ತು ತಿಳಿಯುವುದನ್ನು. ಅವರು ನೀರಿಗೆ ಪುಡಿ ಉದುರಿಸುತ್ತಾರೆಯೇ ಹೊರತು ಪುಡಿಗೆ ನೀರು ಸುರಿಯುವುದಿಲ್ಲ. ಪುಡಿ ನೆನೆಯಲು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಕದಡುತ್ತಾರೆ. ಹಳೆಯ ಮಿಸ್ತ್ರಿಗಳು ಪ್ರತಿ ಬಾರಿಯೂ ಮಾಲು ಕಲಸುವ ತಗಡನ್ನು ಕೆರೆದು ತೊಳೆಯುವುದನ್ನು ನೋಡಿ. "ಹಳೀ ಮಾಲ್ ಉಳಿದಿದ್ರ ಹೊಸಾದು ಲಗೂನ ಸಾಯ್ತೈತಿ" ಎನ್ನುತ್ತಾರೆ, ಅದು ಅಕ್ಷರಶಃ ನಿಜ. ಜಿಪ್ಸಮ್ ಕಲ್ಲನ್ನು ಸುಮಾರು 150 ಡಿಗ್ರಿಗೆ ಕಾಯಿಸಿ ಅದರ ಹರಳಿನೊಳಗಿನ ನೀರಿನ ಮುಕ್ಕಾಲು ಪಾಲನ್ನು ತೆಗೆದರೆ ಪಿಒಪಿಯಾಗುತ್ತದೆ. ನೀರು ಸೇರಿಸಿದಾಗ ಅದು ಸೂಜಿಯಂಥ ಹರಳುಗಳಾಗಿ ಮತ್ತೆ ಕಲ್ಲಾಗುತ್ತದೆ. ಪಾತ್ರೆಯಲ್ಲಿ ಉಳಿದ ಗಟ್ಟಿ ಚೂರುಗಳ ಮೇಲೆ ಹೊಸ ಹರಳುಗಳು ಬೇಗ ಬೆಳೆಯುವುದರಿಂದ ಸೆಟ್ ಆಗುವ ಸಮಯ ಕಡಿಮೆಯಾಗುತ್ತದೆ. ಗಟ್ಟಿಯಾಗತೊಡಗಿದ ಮಾಲಿಗೆ ಮತ್ತೆ ನೀರು ಹಾಕಿ ಕದಡಿದರೆ ಹೆಣೆದುಕೊಳ್ಳುತ್ತಿದ್ದ ಹರಳುಗಳು ಮುರಿಯುತ್ತವೆ. ಹಚ್ಚಲು ಬಂದರೂ ಅದರಲ್ಲಿ ಸತ್ವವಿರುವುದಿಲ್ಲ. ಸೆಟ್ ಆಗುವ ಕಾಂಪೌಂಡಿಗೂ ಇದೇ ನಿಯಮ. ಬೋರ್‌ವೆಲ್ ನೀರಿನಲ್ಲಿ ಲವಣ ಹೆಚ್ಚಿದ್ದರೆ ಸಮಯ ಬದಲಾಗುವುದುಂಟು, ಆದ್ದರಿಂದ ಹೊಸ ಜಾಗದಲ್ಲಿ ಮೊದಲು ಒಂದು ಮುಷ್ಟಿ ಕಲಸಿ ನೋಡಿ, ಸಾಧ್ಯವಿದ್ದರೆ ಕುಡಿಯುವ ನೀರನ್ನೇ ಬಳಸಿ. ಅವರಿಂದ ಕಲಿಯಬಾರದ್ದು, ಟೇಪಿಲ್ಲದೆ ಸಂದಿಗೆ ಬರಿಯ ಪಿಒಪಿ ತುಂಬುವ ಅಭ್ಯಾಸ. ಅವರ ಹಳೆಯ ಕೆಲಸದಲ್ಲಿ ಪಿಒಪಿಯೇ ಇಡೀ ಮೇಲ್ಮೈಯಾಗಿತ್ತು, ಅಲ್ಲಿ ಜಾಯಿಂಟೇ ಇರಲಿಲ್ಲ. ಬೋರ್ಡಿನಲ್ಲಿ ಜಾಯಿಂಟು ಇದೆ, ಅದು ಅಲುಗುತ್ತದೆ, ಬರಿಯ ಪಿಒಪಿ ಗೆರೆಯಾಗಿ ಬಿಡುತ್ತದೆ.

ಬೋರ್ಡು ಹೊಡೆಯುವ ತಂಡದವರಿಂದ ಕಲಿಯಬೇಕಾದದ್ದು ಜೋಡಣೆ. ಅನುಭವಿ ಹೆಡ್ ಮಿಸ್ತ್ರಿ ಬೋರ್ಡು ಕತ್ತರಿಸುವ ಮುನ್ನ ಗೋಡೆಯ ಮುಂದೆ ನಿಂತು, ಅಡ್ಡ ಜಾಯಿಂಟುಗಳು ಒಂದೇ ಸಾಲಿಗೆ ಬರದಂತೆ ಒಂದು ಬೋರ್ಡನ್ನು ಕೆಳಗಿನಿಂದ, ಮುಂದಿನದನ್ನು ಮೇಲಿನಿಂದ ಆರಂಭಿಸುತ್ತಾನೆ. ಬಾಗಿಲಿನ ಮೇಲೆ ಬೋರ್ಡನ್ನು ಎಲ್ ಆಕಾರದಲ್ಲಿ ಕತ್ತರಿಸುತ್ತಾನೆ. ಸ್ಕ್ರೂ ತಲೆಯನ್ನು ಕಾಗದ ಹರಿಯದಂತೆ ಕೂದಲಷ್ಟು ಒಳಗೆ ಕೂರಿಸುತ್ತಾನೆ, ಏಕೆಂದರೆ ಕಾಗದ ಹರಿದ ಮೇಲೆ ಆ ಸ್ಕ್ರೂ ಬೋರ್ಡನ್ನು ಹಿಡಿಯುವುದಿಲ್ಲ. ಗೋಡೆಯಲ್ಲಿ ಸಾಮಾನ್ಯವಾಗಿ 300 ಮಿ.ಮೀ.ಗೆ ಒಂದು, ಸೀಲಿಂಗಿನಲ್ಲಿ 230 ಮಿ.ಮೀ.ಗೆ ಒಂದು ಸ್ಕ್ರೂ ಬೇಕು. ಫಿನಿಶಿಂಗ್ ಮಾಡುವವನಿಗೆ ಇದೆಲ್ಲ ಏಕೆ ಎಂದು ಕೇಳಬೇಡಿ. ನಿಮ್ಮ ಅರ್ಧ ಕೆಲಸ ಅಲ್ಲಿಯೇ ನಿರ್ಧಾರವಾಗುತ್ತದೆ. ನೀವು ಗೋಡೆಯನ್ನು ಒಪ್ಪಿಕೊಳ್ಳುವ ಮೊದಲು ಆರಡಿಯ ನೇರ ಪಟ್ಟಿ ಹಿಡಿದು ನೋಡಿ, ಉಬ್ಬಿದ ಸ್ಕ್ರೂಗಳನ್ನು ಪಟ್ಟಿಯಿಂದ ಸವರಿ ಕಿವಿಗೊಟ್ಟು ಕೇಳಿ, 3 ಮಿ.ಮೀ.ಗಿಂತ ಅಗಲವಾದ ಸಂದುಗಳನ್ನು ಟೇಪಿಗೆ ಮೊದಲೇ ಸೆಟ್ ಆಗುವ ಕಾಂಪೌಂಡಿನಿಂದ ತುಂಬಿಸಿಕೊಳ್ಳಿ. ಈ ತಂಡದವರಿಂದ ಕಲಿಯಬಾರದ್ದು ಒಂದೇ ಮಾತು: "ಉಳಿದದ್ದನ್ನು ಪೇಂಟಿನವರು ನೋಡಿಕೋತಾರ."

ಮೂರನೆಯವರಾದ ಪುಟ್ಟಿ ಕೆಲಸದವರಲ್ಲಿ ಬೆಳಕಿನ ಕಣ್ಣಿದೆ. ಗೋಡೆಗೆ ಟಾರ್ಚನ್ನು ಒರಗಿಸಿ ಹಿಡಿದು ತಗ್ಗು ದಿಣ್ಣೆ ಓದುವುದನ್ನು ಅವರಷ್ಟು ಚೆನ್ನಾಗಿ ಯಾರೂ ಮಾಡಲಾರರು. ಆ ಕಣ್ಣು ನಿಮಗೂ ಮನೆತನದಿಂದ ಬಂದಿರಬೇಕು. ಆದರೆ ಟಾರ್ಚನ್ನು ಪ್ರೈಮರ್ ಹೊಡೆದ ಮೇಲೆ ಹಿಡಿಯುವ ಬದಲು ಪ್ರತಿ ಕೈ ಆರಿದ ಮೇಲೂ ಹಿಡಿಯಿರಿ. ಬಿಡಬೇಕಾದದ್ದು ತಗ್ಗು ಕಂಡಲ್ಲೆಲ್ಲ ದಪ್ಪ ಪುಟ್ಟಿ ತುಂಬುವ ಚಟ.

ಇವರಲ್ಲಿ ಒಬ್ಬೊಬ್ಬರನ್ನು ಹೇಗೆ ಆರಿಸುವುದು? ಈಗ ನಡೆಯುತ್ತಿರುವ ಕೆಲಸವನ್ನು ನೋಡಿ ಆರಿಸಬೇಡಿ. ಬಣ್ಣ ಹಸಿಯಾಗಿದ್ದಾಗ ಎಲ್ಲ ಗೋಡೆಗಳೂ ಚೆಂದ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಅವರ ಕೆಲಸವನ್ನು ಸಂಜೆಯ ಹೊತ್ತಿನಲ್ಲಿ ನೋಡಿ. ಗೋಕುಲ ರಸ್ತೆಯ ಕಡೆಯ ಶೋರೂಮುಗಳಲ್ಲಾಗಲಿ, ಕೊಪ್ಪಿಕರ ರಸ್ತೆಯ ಅಂಗಡಿಗಳಲ್ಲಾಗಲಿ, ಗಿರಾಕಿಯಂತೆ ಒಳಗೆ ಹೋದರೆ ಸೀಲಿಂಗಿನ ಅಂಚಿನಲ್ಲಿ ಅಡಗಿಸಿಟ್ಟ ಕೋವ್ ದೀಪದ ಪಕ್ಕದಲ್ಲಿ ಜಾಯಿಂಟು ಕಾಣುತ್ತದೆಯೇ ಇಲ್ಲವೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಕಾಣದಿದ್ದರೆ ಆ ಕೆಲಸ ಮಾಡಿದವರು ಯಾರು ಎಂದು ಕೇಳಿ.

ಮಿಸ್ತ್ರಿಗಳು ಹೇಳಿಕೊಡುವುದಿಲ್ಲ ಎಂಬ ನಿಮ್ಮ ಬೇಸರಕ್ಕೂ ಒಂದು ಮಾತು. ಅದು ಯಾವಾಗಲೂ ಜಿಪುಣತನವಲ್ಲ. ಹೆಚ್ಚಿನವರು ಚದರ ಅಡಿಯ ಲೆಕ್ಕದಲ್ಲಿ ದುಡಿಯುತ್ತಾರೆ, ನಿಮಗೆ ವಿವರಿಸುವ ಹೊತ್ತು ಅವರ ಕೂಲಿಯಿಂದ ಹೋಗುತ್ತದೆ. ಅದಲ್ಲದೆ ತಗಡಿನಲ್ಲಿ ಕಲಸಿದ ಮಾಲು ಗಟ್ಟಿಯಾಗುತ್ತಿರುವಾಗ ಪ್ರಶ್ನೆ ಕೇಳಿದರೆ ಯಾರು ತಾನೇ ಉತ್ತರಿಸಿಯಾರು? ಪ್ರಶ್ನೆಗಳನ್ನು ಅವರು ಹತ್ಯಾರು ತೊಳೆಯುವ ಹೊತ್ತಿಗೆ ಇಟ್ಟುಕೊಳ್ಳಿ. "ಕಲಿಸ್ರಿ" ಎಂದು ಕೇಳುವುದಕ್ಕಿಂತ "ಈ ಒಳಮೂಲೆಗೆ ಟೇಪು ನಾ ಕೂರಿಸ್ತೇನ್ರಿ, ತಪ್ಪಿದ್ರ ತೆಗೀರಿ" ಎಂದು ಒಂದು ತುಂಡು ಕೆಲಸ ಕೇಳಿ. ಕೈ ಹಾಕಿದವನನ್ನು ತಿದ್ದದೆ ಸುಮ್ಮನಿರುವ ಮಿಸ್ತ್ರಿಯನ್ನು ನಾನು ಕಂಡಿಲ್ಲ. ಉತ್ತರ ಭಾರತದಿಂದ ಬಂದ ತಂಡಗಳಲ್ಲಿ ಒಳ್ಳೆಯ ಕೈಗಳಿವೆ, ಮುರುಕು ಹಿಂದಿಯಾದರೂ ಸಾಕು, ಸಂಕೋಚ ಬೇಡ.

ನೋಡುವಾಗ ಪಟ್ಟಿಯ ತುದಿಯನ್ನು ನೋಡದೆ ಅವರ ಬೆರಳನ್ನು ನೋಡಿ. ಅಗಲ ಪಟ್ಟಿಯ ಹೊರ ಅಂಚಿನ ಮೇಲೆ ಬೆರಳು ಭಾರ ಹಾಕುತ್ತದೆ, ಜಾಯಿಂಟಿನ ನಡುವಿನ ಕಡೆ ಹಗುರವಾಗಿರುತ್ತದೆ. ಇದರಿಂದ ಹೊರ ಅಂಚಿನಲ್ಲಿ ಕಾಂಪೌಂಡು ಸೊನ್ನೆಗೆ ಇಳಿಯುತ್ತದೆ, ನಡುವೆ ಬೇಕಾದಷ್ಟು ಉಳಿಯುತ್ತದೆ. ಒಂದು ಬದಿ ಎಳೆದು, ಇನ್ನೊಂದು ಬದಿ ಎಳೆದು, ಕೊನೆಗೆ ನಡುವೆ ಒಮ್ಮೆ ಹಗುರವಾಗಿ ಹೋಗಿ ಬಿಟ್ಟುಬಿಡುತ್ತಾರೆ. ಬಿಟ್ಟುಬಿಡುವುದೇ ಹೊಸಬರಿಗೆ ಕಷ್ಟ. ಮತ್ತೆ ಮತ್ತೆ ಸವರಿ ಅಂಚನ್ನು ಎಬ್ಬಿಸುತ್ತಾರೆ. "ಕೈಗೆ ಬರಬೇಕು" ಎಂದು ಆ ಹಿರಿಯರು ಹೇಳಿದ್ದು ಇದನ್ನೇ, ಅವರ ಮಾತು ಸುಳ್ಳಲ್ಲ. ಅದು ಹುಟ್ಟುಗುಣ ಎಂದು ನೀವು ತಿಳಿದುಕೊಂಡರೆ ಮಾತ್ರ ತಪ್ಪು.

ಕೆಲಸ ಬಿಡದೆ ಕಲಿಯಲು ನಿಮ್ಮ ಮುಂದೆ ಕೆಲವು ದಾರಿಗಳಿವೆ. ಕೆಲಸವಿಲ್ಲದ ದಿನಗಳಲ್ಲಿ ಒಬ್ಬ ಮಿಸ್ತ್ರಿಯ ಜೊತೆ ಹೆಲ್ಪರ್ ಆಗಿ ಹೋಗುವುದು ಹಳೆಯ ದಾರಿ. ಖರ್ಚಿಲ್ಲ, ಆದರೆ ಬೋರ್ಡು ಹೊರುವುದರಲ್ಲಿಯೇ ದಿನ ಕಳೆದುಹೋಗುವ ಅಪಾಯವಿದೆ, ಆದ್ದರಿಂದ ಯಾವ ಕೆಲಸಕ್ಕೆ ಕೈ ಹಾಕಲು ಬಿಡುತ್ತಾರೆ ಎಂದು ಮೊದಲೇ ಮಾತಾಡಿಕೊಳ್ಳಿ. ನಿಮ್ಮದೇ ಸಣ್ಣ ಕೆಲಸಕ್ಕೆ ಅವರನ್ನು ದಿನಗೂಲಿಗೆ ಕರೆಸಿ ಜೊತೆಗೆ ನಿಲ್ಲುವುದು ಎರಡನೆಯದು. ಆ ಕೆಲಸದಲ್ಲಿ ನಿಮಗೆ ಲಾಭ ಉಳಿಯಲಿಕ್ಕಿಲ್ಲ, ಆದರೂ ನಾನು ಇದನ್ನೇ ಹೆಚ್ಚು ಮೆಚ್ಚುತ್ತೇನೆ, ಏಕೆಂದರೆ ಚದರ ಅಡಿಯ ಅವಸರ ಅಲ್ಲಿರುವುದಿಲ್ಲ. ವಿಡಿಯೊ ನೋಡಿ ಕಲಿಯುವುದಾದರೆ ಒಂದು ಎಚ್ಚರಿಕೆ: ಅಮೆರಿಕದ ವಿಡಿಯೊಗಳಲ್ಲಿ ಬೋರ್ಡುಗಳು ಎಂಟರಿಂದ ಹನ್ನೆರಡು ಅಡಿ ಉದ್ದ, ಅಡ್ಡವಾಗಿ ಮಲಗಿಸಿ ಮರದ ಚೌಕಟ್ಟಿಗೆ ಹೊಡೆದಿರುತ್ತಾರೆ. ಅವರಿಗೆ ಟೇಪರ್ ಇಲ್ಲದ ಅಂಚುಗಳ ಜಾಯಿಂಟು ಕಡಿಮೆ. ಕೈಯ ಚಲನೆಯನ್ನು ಅಲ್ಲಿಂದ ಕಲಿಯಬಹುದು, ಲೆಕ್ಕಾಚಾರವನ್ನಲ್ಲ.

ಯಾವ ದಾರಿ ಹಿಡಿದರೂ ಮನೆಯಲ್ಲಿ ಒಂದು ಅಭ್ಯಾಸದ ಚೌಕಟ್ಟು ನಿಲ್ಲಿಸಿಕೊಳ್ಳಿ. ನಾಲ್ಕು ಸ್ಟಡ್‌ಗಳು, ಕೆಲಸದಲ್ಲಿ ಉಳಿದ ಬೋರ್ಡಿನ ತುಂಡುಗಳು, ಅದರಲ್ಲಿ ಒಂದು ಟೇಪರ್ಡ್ ಜಾಯಿಂಟು, ಒಂದು ಅಡ್ಡ ಜಾಯಿಂಟು, ಒಂದು ಒಳಮೂಲೆ. ಅಡ್ಡ ಜಾಯಿಂಟಿಗೆ ಮೂರು ಕೈ ಹಾಕಿ, ಪ್ರತಿ ಕೈಯ ಹೊರ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ, ಪೇಪರ್ ಹಿಡಿಯದೆ, ಒಂದು ಕೈ ಪ್ರೈಮರ್ ಹೊಡೆದು ರಾತ್ರಿ ಟಾರ್ಚ್ ಹಾಕಿ ನೋಡಿ. ತೇಯದೆಯೇ ಒಪ್ಪುವಂತಾದ ದಿನ ಗಿರಾಕಿಯ ಗೋಡೆಗೆ ಕೈ ಹಾಕಬಹುದು.

ದರ ಹೇಳುವಾಗ ಉಪಯೋಗಕ್ಕೆ ಬರುವ ಇನ್ನೊಂದು ಸಂಗತಿ. ಅಮೆರಿಕದ ಜಿಪ್ಸಮ್ ಉದ್ಯಮದಲ್ಲಿ ಫಿನಿಶಿಂಗನ್ನು 0 ರಿಂದ 5ರವರೆಗೆ ಮಟ್ಟಗಳಾಗಿ ವಿಂಗಡಿಸಿದ್ದಾರೆ. ಸಾಧಾರಣ ಮ್ಯಾಟ್ ಬಣ್ಣಕ್ಕೆ ನಾಲ್ಕನೆಯ ಮಟ್ಟ, ಅಂದರೆ ಜಾಯಿಂಟಿಗೆ ಟೇಪು ಮತ್ತು ಅದರ ಮೇಲಿನ ಕೈಗಳು, ಸಾಕು. ಹೊಳಪಿನ ಬಣ್ಣವಿದ್ದಾಗ, ಅಥವಾ ಬೆಳಕು ಗೋಡೆಯನ್ನು ಸವರಿಕೊಂಡು ಬೀಳುವಾಗ, ಐದನೆಯ ಮಟ್ಟ, ಅಂದರೆ ಇಡೀ ಮೇಲ್ಮೈಗೆ ತೆಳು ಪದರು ಬೇಕು. ನಮ್ಮಲ್ಲಿ ಗಿರಾಕಿ ನಾಲ್ಕರ ದರ ಕೊಟ್ಟು ಐದರ ಗೋಡೆ ಕೇಳುತ್ತಾನೆ. ಕಿಟಕಿ ಯಾವ ದಿಕ್ಕಿಗಿದೆ, ಕೋವ್ ದೀಪ ಎಲ್ಲಿ ಬರುತ್ತದೆ ಎಂದು ಮೊದಲೇ ನೋಡಿ, ಯಾವ ಮಟ್ಟದ ಕೆಲಸ ಎಂಬುದನ್ನು ಕೊಟೇಶನ್ನಿನಲ್ಲಿ ಬರೆದುಕೊಡಿ.

ವಿದ್ಯಾನಗರದ ಗೋಡೆಗೆ ಈಗ ಮಾಡಬೇಕಾದದ್ದು ಇಷ್ಟು. ಬೋರ್ಡನ್ನು ಬೆರಳಿನಿಂದ ಒತ್ತಿ ನೋಡಿ. ಅಡ್ಡ ಜಾಯಿಂಟಿನ ಹತ್ತಿರ ಆಡಿದರೆ ಹಿಂದೆ ಆಧಾರವಿಲ್ಲವೆಂದು ಅರ್ಥ, ಆಗ ಮೇಲೆ ಎಷ್ಟು ಹಚ್ಚಿದರೂ ವ್ಯರ್ಥ, ಬೋರ್ಡು ಹೊಡೆದವರನ್ನು ಕರೆಸಿ ಚಾನಲ್ ಹಾಕಿಸಲೇಬೇಕು. ಆಡದಿದ್ದರೆ ಜಾಯಿಂಟಿನ ಆಚೀಚೆ ಒಂದು ಅಡಿಯವರೆಗೆ ಬಣ್ಣದ ಹೊಳಪು ಹೋಗುವಂತೆ ಹಗುರವಾಗಿ ತೇಯ್ದು, ಸಿಮೆಂಟ್ ಪುಟ್ಟಿ ಎಲ್ಲಿ ಸಡಿಲವಾಗಿದೆಯೋ ಅಲ್ಲಿ ಕೆರೆದು ತೆಗೆದು, ಪ್ರೈಮರ್ ಹೊಡೆದು, ಉಬ್ಬನ್ನು ಮುಟ್ಟದೆ ಅದರ ಎರಡೂ ಬದಿಗೆ ಕಾಂಪೌಂಡನ್ನು ಎರಡು ತೆಳು ಕೈಗಳಲ್ಲಿ ಹರಡಿ. ಕುಸಿದ ನಿಂತ ಜಾಯಿಂಟುಗಳಿಗೆ ಅಗಲ ಪಟ್ಟಿಯಿಂದ ಒಂದು ಕೈ ಸಾಕು. ಮೂಲೆಯ ಬಿರುಕನ್ನು ಚಾಕುವಿನಿಂದ ತೆರೆದು ಸೀಲಂಟ್ ತುಂಬಿ. ಆಮೇಲೆ ಇಡೀ ಗೋಡೆಗೆ, ತೇಪೆ ಹಾಕಿದ ಕಡೆಗಷ್ಟೇ ಅಲ್ಲ, ಒಂದು ಕೈ ಪ್ರೈಮರ್ ಕೊಡಿ. ಕಾಗದ ಮತ್ತು ಕಾಂಪೌಂಡು ಬಣ್ಣವನ್ನು ಬೇರೆ ಬೇರೆಯಾಗಿ ಕುಡಿಯುವುದರಿಂದಲೂ ಪಟ್ಟಿ ಕಾಣಿಸುತ್ತದೆ. ಬಣ್ಣಕ್ಕೆ ಮ್ಯಾಟನ್ನೇ ಒಪ್ಪಿಸಿ. ಎಲ್ಲ ಮುಗಿದ ಮೇಲೆ ಮಾಲೀಕರನ್ನು ಬೆಳಿಗ್ಗೆ ಕರೆಯಬೇಡಿ, ಸಂಜೆ ಐದಕ್ಕೇ ಕರೆಯಿರಿ, ಬಾಕಿಯ ಮಾತನ್ನು ಆ ಗೋಡೆಯ ಮುಂದೆಯೇ ಆಡಿ.